ಪೌಂಡಿನ ಮಾನ, ದುಡಿಯುವವನ ಕೂಲಿ

(ಪಕ್ಷದ ಅಧ್ಯಯನ ಕೂಟದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣದ ಪಾಠ)



ಇಂಗ್ಲೆಂಡಿನ ಪೌಂಡಿನ ಕಥೆ ಕಟ್ಟಿಕೊಂಡು ನಮಗೇನಾಗಬೇಕು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸುವುದು ಸಹಜ. ನಮ್ಮ ಕೈಗೆ ಬರುವುದು ರೂಪಾಯಿ, ನಾವು ಕೊಡುವುದೂ ರೂಪಾಯಿ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ರೂಪಾಯಿಯನ್ನು ಬಹುಕಾಲ ಪೌಂಡಿನ ಬಾಲಕ್ಕೆ ಕಟ್ಟಲಾಗಿತ್ತು; ಅದು ಹೋದ ಕಡೆ ಇದೂ ಹೋಗಬೇಕಾಗಿತ್ತು. ಎರಡನೆಯದು, ನಾಣ್ಯದ ಬೆಲೆಗೂ ಕೆಲಸಗಾರನ ಕೂಲಿಗೂ ಇರುವ ಜಗಳ ಇಂಗ್ಲೆಂಡಿನಲ್ಲಿ ನಡೆದಷ್ಟು ಬಹಿರಂಗವಾಗಿ ಬೇರೆಲ್ಲೂ ನಡೆದಿಲ್ಲ. “ದೇಶದ ನಾಣ್ಯದ ಮಾನ ಉಳಿಸಿ” ಎಂಬ ಕೂಗು ಎದ್ದಾಗ ಯಾರ ಕಿಸೆಗೆ ಕೈ ಬೀಳುತ್ತದೆ ಎಂಬುದನ್ನು ಆ ಇತಿಹಾಸದಿಂದ ಕಲಿಯಬಹುದು.

ಪೌಂಡ್ ಎಂಬುದು ಮೊದಲಿಗೆ ನಾಣ್ಯದ ಹೆಸರಲ್ಲ, ತೂಕದ ಹೆಸರು. ಒಂದು ಪೌಂಡ್ ತೂಕದ ಬೆಳ್ಳಿಯಿಂದ 240 ಪೆನ್ನಿಗಳನ್ನು ಅಚ್ಚುಹಾಕುವ ಪದ್ಧತಿ ಸುಮಾರು 1200 ವರ್ಷಗಳಷ್ಟು ಹಳೆಯದು. 12 ಪೆನ್ನಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂಬ ನಮ್ಮ ಹಿರಿಯರ ಲೆಕ್ಕವನ್ನು ಇದು ನೆನಪಿಗೆ ತರುತ್ತದೆ. ನಾವು ಆಣೆ ಪೈ ಬಿಟ್ಟು ನಯಾಪೈಸೆಗೆ ಬಂದದ್ದು 1957ರಲ್ಲಿ. ಇಂಗ್ಲೆಂಡು ಷಿಲಿಂಗ್ ಬಿಟ್ಟು, ನೂರು ಪೆನ್ಸಿಗೆ ಒಂದು ಪೌಂಡ್ ಎಂದು ಮಾಡಿಕೊಂಡದ್ದು 1971ರ ಫೆಬ್ರವರಿ 15ರಂದು.

ನಾಣ್ಯದಲ್ಲಿ ಮೋಸ ಮಾಡುವುದನ್ನು ಮೊದಲು ಕಲಿತವರು ಅರಸರು. ಎಂಟನೆಯ ಹೆನ್ರಿ ಎಂಬ ದೊರೆ ಯುದ್ಧದ ಖರ್ಚಿಗಾಗಿ 1544ರಿಂದ ನಾಣ್ಯದ ಬೆಳ್ಳಿಯಲ್ಲಿ ತಾಮ್ರ ಬೆರೆಸುತ್ತ ಹೋದನು. ಎರಡೇ ವರ್ಷಗಳಲ್ಲಿ ನಾಣ್ಯದಲ್ಲಿ ಬೆಳ್ಳಿ ಮೂರನೆಯ ಒಂದು ಪಾಲಿಗೆ ಇಳಿಯಿತು. ನಾಣ್ಯದ ಮೇಲೆ ಉಬ್ಬಿದ್ದ ದೊರೆಯ ಮೂಗಿನಲ್ಲಿ ಬೆಳ್ಳಿ ಸವೆದು ತಾಮ್ರ ಕಾಣಿಸಿದಾಗ ಜನ ಅವನಿಗೆ ‘ತಾಮ್ರದ ಮೂಗಿನವ’ ಎಂದು ಅಡ್ಡಹೆಸರಿಟ್ಟರು. ಬೆಲೆಗಳು ಏರಿದವು, ಕೂಲಿ ಅಷ್ಟು ಬೇಗ ಏರಲಿಲ್ಲ. ಒಳ್ಳೆಯ ನಾಣ್ಯ ಮತ್ತೆ ಚಲಾವಣೆಗೆ ಬಂದದ್ದು ಅವನ ಮಗಳು ಎಲಿಜಬೆತ್ ರಾಣಿಯ ಕಾಲಕ್ಕೆ, 1560–61ರಲ್ಲಿ. ಇದನ್ನು ಮೊದಲೇ ಹೇಳಲು ಕಾರಣವುಂಟು. ನೋಟು ಹೆಚ್ಚು ಅಚ್ಚುಹಾಕಿದರೆ ಬಡವನ ಕಷ್ಟ ನೀಗುತ್ತದೆ ಎಂದು ತಿಳಿದಿರುವ ಸಂಗಾತಿಗಳು ನಮ್ಮಲ್ಲಿಯೂ ಇದ್ದಾರೆ. ಹಾಗಿಲ್ಲ. ಕೆಟ್ಟ ನಾಣ್ಯದ ಪೆಟ್ಟು ಮೊದಲು ಬೀಳುವುದು ವಾರದ ಕೂಲಿಯ ಮೇಲೆಯೇ.

ಅರಸನ ಕೈಯಿಂದ ನಾಣ್ಯದ ಲಗಾಮು ಮೆಲ್ಲಗೆ ಸಾಹುಕಾರರ ಕೈಗೆ ಬಂತು. 1694ರಲ್ಲಿ ಲಂಡನ್ನಿನ ಹಣವಂತರು ಕೂಡಿ, ಫ್ರಾನ್ಸಿನ ಮೇಲೆ ಯುದ್ಧ ಮಾಡುತ್ತಿದ್ದ ವಿಲಿಯಂ ದೊರೆಗೆ 12 ಲಕ್ಷ ಪೌಂಡುಗಳನ್ನು ನೂರಕ್ಕೆ 8ರ ಬಡ್ಡಿಯಂತೆ ಸಾಲ ಕೊಟ್ಟರು. ಅದಕ್ಕೆ ಪ್ರತಿಯಾಗಿ ‘ಬ್ಯಾಂಕ್ ಆಫ್ ಇಂಗ್ಲೆಂಡ್’ ಸ್ಥಾಪಿಸುವ ಸನ್ನದು ಪಡೆದರು. ಟಂಕಸಾಲೆಯ ಮುಖ್ಯಸ್ಥನಾಗಿದ್ದ ವಿಜ್ಞಾನಿ ನ್ಯೂಟನ್ನನ ವರದಿಯ ಮೇಲೆ 1717ರಲ್ಲಿ ಗಿನಿ ನಾಣ್ಯದ ಬೆಲೆಯನ್ನು 21 ಷಿಲಿಂಗ್ ಎಂದು ನಿಗದಿಮಾಡಿದ ಮೇಲೆ ಬೆಳ್ಳಿ ಹಿಂದೆ ಬಿದ್ದು ಚಿನ್ನವೇ ಅಳತೆಗೋಲಾಯಿತು. ಇದನ್ನೇ ಸ್ವರ್ಣಮಾನ ಎನ್ನುತ್ತಾರೆ: ನೋಟು ತಂದವನಿಗೆ ಗೊತ್ತಾದ ತೂಕದ ಚಿನ್ನ ಕೊಡುತ್ತೇವೆಂಬ ವಾಗ್ದಾನ.

ಸಾಲ ಕೊಟ್ಟವನಿಗೆ ಈ ವಾಗ್ದಾನ ಅಮೃತ. ಅವನು ಇಂದು ಕೊಟ್ಟ ಪೌಂಡು ಇಪ್ಪತ್ತು ವರ್ಷದ ಮೇಲೂ ಅಷ್ಟೇ ತೂಕದ್ದಾಗಿ ಬಡ್ಡಿ ಸಮೇತ ಹಿಂದಿರುಗುತ್ತದೆ. ಆದರೆ ಯುದ್ಧ ಬಂದಾಗಲೆಲ್ಲ ಈ ವಾಗ್ದಾನವನ್ನು ಕಟ್ಟಿಡುತ್ತಿದ್ದರು. 1797ರಲ್ಲಿ ನಿಲ್ಲಿಸಿದ್ದು ಮತ್ತೆ ಪೂರ್ತಿ ಜಾರಿಗೆ ಬಂದದ್ದು 1821ರಲ್ಲಿ. ಆ ನಡುವೆ ಸಣ್ಣ ಮೊತ್ತದ ನೋಟುಗಳು ಬಂದವು. ಖೋಟಾ ನೋಟಿನ ಅಪರಾಧಕ್ಕಾಗಿ ನೂರಾರು ಜನರನ್ನು ಗಲ್ಲಿಗೇರಿಸಿದರು. ಮೊದಲನೆಯ ಮಹಾಯುದ್ಧ ತೊಡಗಿದ 1914ರಲ್ಲಿ ಮತ್ತೆ ಅದೇ ಕಥೆ: ಚಿನ್ನ ಮಾಯವಾಯಿತು, ಕಾಗದದ ನೋಟು ಬಂತು, ಯುದ್ಧ ಮುಗಿಯುವ ಹೊತ್ತಿಗೆ ಬೆಲೆಗಳು ಇಮ್ಮಡಿ ಮೀರಿದ್ದವು.

ನಮ್ಮ ಮುಖ್ಯ ಮಾತು ಇಲ್ಲಿಂದ ಮುಂದಿದೆ. ಯುದ್ಧಕ್ಕೆ ಮುಂಚೆ ಒಂದು ಪೌಂಡಿಗೆ 4.86 ಡಾಲರ್ ಸಿಗುತ್ತಿತ್ತು. ಯುದ್ಧದ ತರುವಾಯ ಅಷ್ಟು ಸಿಗುತ್ತಿರಲಿಲ್ಲ. ಲಂಡನ್ನಿನ ಸಾಹುಕಾರರಿಗೆ ಇದು ಮಾನದ ಪ್ರಶ್ನೆಯಾಯಿತು. 1925ರ ಏಪ್ರಿಲ್ 28ರಂದು ಅರ್ಥಸಚಿವ ಚರ್ಚಿಲ್ ಅವರು ಪೌಂಡನ್ನು ಮತ್ತೆ ಹಳೆಯ 4.86ರ ದರಕ್ಕೇ ಚಿನ್ನಕ್ಕೆ ಕಟ್ಟಿರುವುದಾಗಿ ಸಾರಿದರು. ಈ ದರ ನೂರಕ್ಕೆ ಹತ್ತರಷ್ಟು ಹೆಚ್ಚೆಂದು ಅರ್ಥಶಾಸ್ತ್ರಜ್ಞ ಕೇನ್ಸ್ ಆಗಲೇ ಎಚ್ಚರಿಸಿದರು.

ಹತ್ತರಷ್ಟು ಹೆಚ್ಚಾದರೆ ಏನಾಗುತ್ತದೆ? ಅಂಗಡಿಯ ಲೆಕ್ಕದಲ್ಲೇ ನೋಡೋಣ. ಇಂಗ್ಲೆಂಡಿನ ಒಂದು ಟನ್ ಕಲ್ಲಿದ್ದಲಿನ ಬೆಲೆ ಒಂದು ಪೌಂಡ್ ಎಂದಿಟ್ಟುಕೊಳ್ಳಿ. ಹೊರದೇಶದ ಗಿರಾಕಿ ಅದಕ್ಕೆ ಮೊದಲು ಸುಮಾರು 4.40 ಡಾಲರ್ ಕೊಡುತ್ತಿದ್ದ, ಈಗ 4.86 ಕೊಡಬೇಕು. ಕಲ್ಲಿದ್ದಲು ಅದೇ, ಗಣಿಯೂ ಅದೇ. ಗಿರಾಕಿ ಜರ್ಮನಿಯ ಕಡೆಗೋ ಪೋಲೆಂಡಿನ ಕಡೆಗೋ ತಿರುಗುತ್ತಾನೆ. ಅವನನ್ನು ಉಳಿಸಿಕೊಳ್ಳಬೇಕಾದರೆ 20 ಷಿಲಿಂಗಿನ ಮಾಲಿನಲ್ಲಿ 2 ಷಿಲಿಂಗ್ ಇಳಿಸಬೇಕು. ಆ 2 ಷಿಲಿಂಗ್ ಎಲ್ಲಿಂದ ಬರಬೇಕು? ಭೂಮಿಯ ಒಡೆಯನ ರಾಜಧನ ಇಳಿಯದು, ಸಾಹುಕಾರನ ಬಡ್ಡಿ ಇಳಿಯದು, ಮಾಲೀಕ ತನ್ನ ಲಾಭ ಬಿಡನು. ಉಳಿದದ್ದು ಗಣಿಯಲ್ಲಿ ಇಳಿದು ದುಡಿಯುವವನ ಕೂಲಿ.

ಹಾಗೆಯೇ ಆಯಿತು. ಕೂಲಿ ಇಳಿಸಬೇಕು, ದುಡಿಮೆಯ ಹೊತ್ತು ಹೆಚ್ಚಿಸಬೇಕು ಎಂದು ಗಣಿ ಮಾಲೀಕರು ಪಟ್ಟು ಹಿಡಿದರು. ಒಂಬತ್ತು ತಿಂಗಳು ಸರ್ಕಾರ ಸಹಾಯಧನ ಕೊಟ್ಟು ದಿನ ನೂಕಿತು. ಅದು ಮುಗಿದ ಕೂಡಲೇ, 1926ರ ಮೇ 1ರಿಂದ, ಕಾರ್ಮಿಕರ ಹಬ್ಬದ ದಿನವೇ, ಸುಮಾರು ಹತ್ತು ಲಕ್ಷ ಗಣಿ ಕಾರ್ಮಿಕರ ಮೇಲೆ ಬೀಗಮುದ್ರೆ ಬಿತ್ತು. “ಕೂಲಿಯಲ್ಲಿ ಒಂದು ಪೆನ್ನಿ ಕಡಿತವಿಲ್ಲ, ದುಡಿತದಲ್ಲಿ ಒಂದು ನಿಮಿಷ ಹೆಚ್ಚಳವಿಲ್ಲ” ಎಂಬುದು ಅವರ ಮುಂದಾಳು ಎ. ಜೆ. ಕುಕ್ ಅವರ ಘೋಷಣೆ. ಅವರಿಗೆ ಬೆಂಬಲವಾಗಿ ರೈಲು, ಬಂದರು, ಮುದ್ರಣಾಲಯ ಮೊದಲಾದ ಉದ್ಯಮಗಳ 15 ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದರು. ಒಂಬತ್ತು ದಿನ ಇಂಗ್ಲೆಂಡು ಸ್ತಬ್ಧವಾಯಿತು. ಮೇ 12ರಂದು ಕಾರ್ಮಿಕ ಸಂಘಗಳ ಮಹಾಮಂಡಲಿ ಸಾರ್ವತ್ರಿಕ ಮುಷ್ಕರವನ್ನು ಹಿಂತೆಗೆದುಕೊಂಡಿತು. ಗಣಿಯವರು ಚಳಿಗಾಲದವರೆಗೆ ಒಂಟಿಯಾಗಿ ಹೋರಾಡಿ, ಹೊಟ್ಟೆಗಿಲ್ಲದೆ, ಕಡಿಮೆ ಕೂಲಿಗೂ ಹೆಚ್ಚು ಹೊತ್ತಿಗೂ ಒಪ್ಪಿ ಕೆಳಗಿಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕೆ?

ಸಣ್ಣ ವ್ಯಾಪಾರಿಗಳಿಗೆ ಇಲ್ಲಿ ಒಂದು ಮಾತು. ನಾಣ್ಯವನ್ನು ಬಿಗಿಮಾಡಿ ಬೆಲೆ ಇಳಿಸಿದರೆ ಅಂಗಡಿಯವನಿಗೇನು ನಷ್ಟ ಎಂದು ತೋರಬಹುದು. ನೂರು ರೂಪಾಯಿ ಸಾಲ ತಂದು ಮಾಲು ತುಂಬಿದವನು, ಆ ಮಾಲಿನ ಧಾರಣೆ ತೊಂಬತ್ತಕ್ಕೆ ಇಳಿದರೆ, ಸಾಲಗಾರನಿಗೆ ಕೊಡಬೇಕಾದ್ದು ಮಾತ್ರ ನೂರೇ. ಜೊತೆಗೆ ಗಿರಾಕಿಯ ಕೂಲಿ ಕಡಿದರೆ ಉದ್ರಿ ವಸೂಲಾಗುವುದಿಲ್ಲ. ಇಂಗ್ಲೆಂಡಿನ ಗಣಿ ಊರುಗಳ ಅಂಗಡಿಗಳವರು ಆ ವರ್ಷ ಕಂಡದ್ದು ಇದನ್ನೇ. ಕೂಲಿಕಾರನ ಕಿಸೆ ಬರಿದಾದರೆ ಅಂಗಡಿಯ ಗಲ್ಲಾ ತುಂಬುವುದಿಲ್ಲ. ನಿಮ್ಮ ದಾರಿಯೂ ನಮ್ಮ ದಾರಿಯೂ ಇಲ್ಲಿ ಒಂದೇ.

ಇಷ್ಟು ಬಲಿ ಕೊಟ್ಟು ಉಳಿಸಿದ ಮಾನ ಏಳು ವರ್ಷವಾದರೂ ಬಾಳಿತೇ? ಇಲ್ಲ. 1931ರಲ್ಲಿ ಜಗತ್ತಿಗೆ ಮುಗ್ಗಟ್ಟು ಬಂದು ಪೌಂಡಿನ ಮೇಲೆ ನಂಬಿಕೆ ಕುಸಿಯಿತು. ಆಗ ಅಧಿಕಾರದಲ್ಲಿದ್ದದ್ದು ಲೇಬರ್ ಪಕ್ಷ, ಕಾರ್ಮಿಕರದೇ ಪಕ್ಷ. ಹೊರಗಿನಿಂದ ಸಾಲ ಸಿಗಬೇಕಾದರೆ ನಿರುದ್ಯೋಗಿಗಳ ಭತ್ಯವನ್ನು ನೂರಕ್ಕೆ ಹತ್ತರಷ್ಟು ಕಡಿಯಬೇಕೆಂಬ ಮಾತು ಬಂದಾಗ ಮಂತ್ರಿಮಂಡಲ ಎರಡಾಗಿ ಒಡೆಯಿತು. ಪ್ರಧಾನಿ ಮ್ಯಾಕ್ಡೊನಾಲ್ಡ್ ತಮ್ಮ ಪಕ್ಷವನ್ನು ಬಿಟ್ಟು ಆಗಸ್ಟ್ 24ರಂದು ವಿರೋಧಿಗಳ ಜೊತೆ ಸೇರಿ ಹೊಸ ಸರ್ಕಾರ ಮಾಡಿದರು. ಭತ್ಯ ಕಡಿದರು, ಉಪಾಧ್ಯಾಯರ ಸಂಬಳ ಕಡಿದರು, ನೌಕಾಪಡೆಯವರ ಸಂಬಳಕ್ಕೂ ಕೈ ಹಾಕಿದರು. ಸೆಪ್ಟೆಂಬರ್ ನಡುವಿನಲ್ಲಿ ಇನ್ವರ್‌ಗಾರ್ಡನ್ ರೇವಿನಲ್ಲಿ ನಾವಿಕರು ಹಡಗು ನಡೆಸಲು ಒಪ್ಪದೆ ನಿಂತರು. ಸೆಪ್ಟೆಂಬರ್ 21ರಂದು, ಯಾವ ಸ್ವರ್ಣಮಾನವನ್ನು ಉಳಿಸಲೆಂದು ಇಷ್ಟೆಲ್ಲ ಮಾಡಿದ್ದರೋ ಅದನ್ನೇ ಕೈಬಿಟ್ಟರು. ಪೌಂಡು ವರ್ಷದ ಕೊನೆಗೆ ಸುಮಾರು 3.40 ಡಾಲರಿಗೆ ಇಳಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. “ಹೀಗೂ ಮಾಡಬಹುದೆಂದು ನಮಗೆ ಯಾರೂ ಹೇಳಲೇ ಇಲ್ಲವಲ್ಲ” ಎಂದು ಮಾಜಿ ಲೇಬರ್ ಸಚಿವರೊಬ್ಬರು ಉದ್ಗರಿಸಿದರೆಂಬ ಪ್ರತೀತಿ ಇದೆ. ಸಂಗಾತಿಗಳೇ, ಈ ಮಾತನ್ನು ನೆನಪಿಡಿ. ನಾಣ್ಯದ ವಿಷಯ ಪಂಡಿತರದು, ನಮಗೇಕೆ ಎಂದು ಸುಮ್ಮನಿದ್ದ ಪಕ್ಷಕ್ಕೆ ಬಂದ ಗತಿ ಅದು.

ಇಂಗ್ಲೆಂಡಿನಲ್ಲಿ ಇದು ನಡೆಯುತ್ತಿದ್ದಾಗ ನಮ್ಮಲ್ಲಿ ಏನಾಗುತ್ತಿತ್ತು? ಪೌಂಡಿನ ಬೆನ್ನಿಗಿದ್ದ ಚಿನ್ನದಲ್ಲಿ ನಮ್ಮ ಬೆವರೂ ಸೇರಿತ್ತು. ಕೋಲಾರದ ಚಿನ್ನದ ಗಣಿಗಳ ಒಡೆತನ ಲಂಡನ್ನಿನ ಕಂಪನಿಗಳದು; ಅಲ್ಲಿ ತೆಗೆದ ಚಿನ್ನ ಬಹುಕಾಲ ಹೋಗುತ್ತಿದ್ದದ್ದೂ ಲಂಡನ್ನಿಗೇ. ಮೈಸೂರು ಸರ್ಕಾರ ಆ ಗಣಿಗಳನ್ನು ವಹಿಸಿಕೊಂಡದ್ದು 1956ರಲ್ಲಿ.

ರೂಪಾಯಿಯ ದರವನ್ನು ಒಂದು ಷಿಲಿಂಗ್ ಆರು ಪೆನ್ಸಿಗೆ ನಿಲ್ಲಿಸಬೇಕೆಂದು 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ಹೇಳಿತು. 1927ರಲ್ಲಿ ಅದು ಕಾನೂನಾಯಿತು. ಆಯೋಗದಲ್ಲಿದ್ದ ಪುರುಷೋತ್ತಮದಾಸ್ ಠಾಕೂರದಾಸರು ಒಂದು ಷಿಲಿಂಗ್ ನಾಲ್ಕು ಪೆನ್ಸ್ ಸಾಕೆಂದು ಭಿನ್ನಮತ ಬರೆದರು. ಎರಡು ಪೆನ್ಸಿನ ಜಗಳವೆಂದು ನಗಬೇಡಿ. ನಾಲ್ಕು ಪೆನ್ಸಿನ ದರದಲ್ಲಿ ಪೌಂಡಿಗೆ 15 ರೂಪಾಯಿ. ಆರು ಪೆನ್ಸಿನ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. ಲ್ಯಾಂಕಷೈರಿನ ಹತ್ತು ಪೌಂಡಿನ ಬಟ್ಟೆ 150 ರೂಪಾಯಿಗೆ ಬೀಳಬೇಕಾದ್ದು ಇಲ್ಲಿ 133 ರೂಪಾಯಿ ಚಿಲ್ಲರೆಗೆ ಬಿತ್ತು. ಹತ್ತು ಪೌಂಡಿನ ಹತ್ತಿ ಕಳಿಸಿದ ನಮ್ಮ ರೈತನಿಗೆ 150ರ ಬದಲು ಅದೇ 133 ಚಿಲ್ಲರೆ. ಬಿಳಿಯ ಅಧಿಕಾರಿ ತನ್ನ ಸಂಬಳವನ್ನು ಊರಿಗೆ ಕಳಿಸಿದರೆ ಮಾತ್ರ ಹೆಚ್ಚು ಪೌಂಡು. ಸ್ವದೇಶಿ ಗಿರಣಿ ಮಾಲೀಕರು ಈ ದರದ ವಿರುದ್ಧ ಗಲಾಟೆ ಮಾಡಿದ್ದು ಸರಿಯೇ. ಆದರೆ ನಷ್ಟವನ್ನು ಕೆಳಕ್ಕೆ ಜಾರಿಸುವುದರಲ್ಲಿ ಅವರು ಇಂಗ್ಲೆಂಡಿನ ಗಣಿ ಮಾಲೀಕರಿಗೆ ಕಡಿಮೆಯೇನಿರಲಿಲ್ಲ. ಕಡಿಮೆ ಜನರಿಂದ ಹೆಚ್ಚು ಮಗ್ಗ ನಡೆಸುವುದು, ಕೂಲಿ ಕಡಿಯುವುದು ಅವರ ಉಪಾಯ; 1928ರಲ್ಲಿ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಆರು ತಿಂಗಳು ಮುಷ್ಕರ ಹೂಡಿದ್ದು ಅದಕ್ಕಾಗಿ.

1931ರಲ್ಲಿ ಪೌಂಡು ಚಿನ್ನವನ್ನು ಬಿಟ್ಟಾಗ ರೂಪಾಯಿಯನ್ನು ಅದರ ಜೊತೆಗೇ ಕಟ್ಟಿಹಾಕಿದರು. ಬೆಳೆಗೆ ಧಾರಣೆಯಿಲ್ಲದೆ, ಕಂದಾಯ ಮತ್ತು ಸಾಲ ತೀರಿಸಲು ಹಳ್ಳಿಯವರು ಮನೆಯ ಒಡವೆ ಮಾರಿದರು. ನೂರಾರು ಕೋಟಿ ರೂಪಾಯಿನ ಚಿನ್ನ ಈ ದೇಶದಿಂದ ಹೊರಟುಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಇನ್ನೂ ಸುಲಭದ ದಾರಿ ಕಂಡುಕೊಂಡರು. ಬ್ರಿಟಿಷ್ ಸರ್ಕಾರ ಇಲ್ಲಿಂದ ಬಟ್ಟೆ, ಧಾನ್ಯ, ಸಾಮಗ್ರಿ ಕೊಂಡು, ಅದರ ಹಣವನ್ನು ಲಂಡನ್ನಿನ ಪುಸ್ತಕದಲ್ಲಿ ನಮ್ಮ ಹೆಸರಿಗೆ ಜಮಾ ಬರೆಯಿತು. ಆ ಜಮೆಯ ಆಧಾರದ ಮೇಲೆ ಇಲ್ಲಿ ರೂಪಾಯಿ ನೋಟುಗಳನ್ನು ಅಚ್ಚುಹಾಕಿದರು. ಮಾಲು ಅತ್ತ ಹೋಯಿತು, ನೋಟು ಇತ್ತ ಉಳಿಯಿತು, ಬೆಲೆ ಗಗನಕ್ಕೇರಿತು. ಬಂಗಾಳದಲ್ಲಿ 1943ರಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತದ್ದಕ್ಕೆ ಈ ಬೆಲೆಯೇರಿಕೆಯೂ ಒಂದು ದೊಡ್ಡ ಕಾರಣ. ಯುದ್ಧ ಮುಗಿದಾಗ ಬ್ರಿಟನ್ನು ನಮಗೆ ಕೊಡಬೇಕಾಗಿದ್ದದ್ದು ಸುಮಾರು 130 ಕೋಟಿ ಪೌಂಡ್. ಇದನ್ನೇ ಸ್ಟರ್ಲಿಂಗ್ ಶಿಲ್ಕು ಎಂದು ಕರೆಯುತ್ತಿದ್ದರು.

ಆ ಶಿಲ್ಕು ನಮ್ಮ ಕೈಗೆ ಪೂರ್ತಿ ಬರುವ ಮುನ್ನವೇ ಪೌಂಡು ಮತ್ತೆ ಕುಸಿಯಿತು. 1949ರ ಸೆಪ್ಟೆಂಬರ್ 18ರಂದು ಲೇಬರ್ ಸರ್ಕಾರದ ಅರ್ಥಸಚಿವ ಕ್ರಿಪ್ಸ್ ಅವರು ಪೌಂಡನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿದರು. ರೂಪಾಯಿಯೂ ಜೊತೆಯಲ್ಲೇ ಇಳಿಯಿತು. ಡಾಲರಿನ ಲೆಕ್ಕದಲ್ಲಿ ನಮ್ಮ ಜಮೆಯ ನೂರಕ್ಕೆ ಮೂವತ್ತು ಪಾಲು ಒಂದೇ ರಾತ್ರಿಯಲ್ಲಿ ಕರಗಿತು.

ಆ ದೇಶದಲ್ಲಿಯೂ ರೊಟ್ಟಿಯ ಬೆಲೆ ನಾಲ್ಕೂವರೆ ಪೆನ್ಸಿನಿಂದ ಆರಕ್ಕೆ ಏರಿತು. ಕಾರ್ಮಿಕ ಸಂಘಗಳು ಮಾತ್ರ ಕೂಲಿ ಹೆಚ್ಚಳ ಕೇಳದಂತೆ ತಡೆದುಕೊಂಡಿದ್ದವು. ಪೌಂಡನ್ನು ಎತ್ತಿ ಹಿಡಿದಾಗ ಕೂಲಿ ಕಡಿತ. ಇಳಿಸಿದಾಗ ಬೆಲೆಯೇರಿಕೆ ಮತ್ತು ಕೂಲಿಗೆ ತಡೆ. ಎರಡು ದಾರಿಯಲ್ಲೂ ತೆರುವವನು ಒಬ್ಬನೇ.

ಆದರೆ 1949ರ ಇಂಗ್ಲೆಂಡು 1926ರದಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. 1946ರಲ್ಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ರಾಷ್ಟ್ರೀಕರಣವಾಗಿತ್ತು. ಪಡಿತರದಲ್ಲಿ ಸಾಹುಕಾರನಿಗೂ ಕೂಲಿಯವನಿಗೂ ಒಂದೇ ಅಳತೆ. 1948ರಿಂದ ಎಲ್ಲರಿಗೂ ಉಚಿತ ವೈದ್ಯವಿತ್ತು. ಹೊರೆ ಇತ್ತು, ಆದರೆ ಹೊರೆಯನ್ನು ಹಂಚುವ ಪ್ರಯತ್ನವೂ ಇತ್ತು. ಗಣಿ ಊರುಗಳು 1926ರಂತೆ ಹಸಿಯಲಿಲ್ಲ.

ಮುಂದಿನ ಲೇಬರ್ ಸರ್ಕಾರಗಳು ಈ ಪಾಠವನ್ನು ಮರೆತವು. ಪ್ರಧಾನಿ ವಿಲ್ಸನ್ 2.80 ಡಾಲರಿನ ದರ ಉಳಿಸಲು 1966ರ ಜುಲೈನಲ್ಲಿ ಕೂಲಿಯನ್ನೇ ಸ್ತಂಭನಗೊಳಿಸಿದರು. 1967ರ ನವೆಂಬರ್ 18ರಂದು ಆ ದರವನ್ನೂ ಬಿಟ್ಟು 2.40ಕ್ಕೆ ಇಳಿದರು. ನಿಮ್ಮ ಕಿಸೆಯಲ್ಲಿರುವ ಪೌಂಡಿನ ಬೆಲೆಯೇನೂ ಇಳಿದಿಲ್ಲ ಎಂದು ಮರುದಿನ ಅವರು ಜನರಿಗೆ ಸಮಾಧಾನ ಹೇಳಿದ್ದು ನಗೆಪಾಟಲಾಯಿತು. 1976ರಲ್ಲಿ ಪೌಂಡು ಮತ್ತೆ ಜಾರಿದಾಗ ಕ್ಯಾಲಹನ್ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 390 ಕೋಟಿ ಡಾಲರ್ ಸಾಲ ಬೇಡಿ, ಅದಕ್ಕಾಗಿ ಸಾರ್ವಜನಿಕ ಖರ್ಚನ್ನು ಕಡಿಯಿತು. ಖಜಾನೆಯವರು ಕೊಟ್ಟ ಸಾಲದ ಅಂದಾಜು ನಿಜಕ್ಕಿಂತ ಬಹಳ ಹೆಚ್ಚಾಗಿತ್ತೆಂದು ಆಗಿನ ಅರ್ಥಸಚಿವ ಹೀಲಿಯವರೇ ಅನಂತರ ಹೇಳಿದರು. ತಪ್ಪು ಅಂಕಿಯನ್ನು ನಂಬಿ ಬಡವರ ತುತ್ತಿಗೆ ಕತ್ತರಿ! ಮೂರು ವರ್ಷದೊಳಗೆ ಆ ಸರ್ಕಾರವೂ ಹೋಯಿತು, ಥ್ಯಾಚರ್ ಬಂದರು.

ಇನ್ನೆರಡು ಘಟನೆ ಹೇಳಿ ಮುಗಿಸುತ್ತೇವೆ. 1990ರಲ್ಲಿ ಪೌಂಡನ್ನು 2.95 ಜರ್ಮನ್ ಮಾರ್ಕಿನ ದರಕ್ಕೆ ಕಟ್ಟಿದರು. ಅದನ್ನು ಹಿಡಿದಿಡಲು ಬಡ್ಡಿಯನ್ನು ಏರಿಸಿಟ್ಟದ್ದರಿಂದ ಮನೆ ಸಾಲದವರೂ ಸಣ್ಣ ಉದ್ಯಮಗಳೂ ನೆಲಕಚ್ಚಿದರು. 1992ರ ಸೆಪ್ಟೆಂಬರ್ 16ರಂದು ಬಡ್ಡಿ ದರವನ್ನು ಬೆಳಗ್ಗೆ 10ರಿಂದ 12ಕ್ಕೆ ಏರಿಸಿ, ಮಧ್ಯಾಹ್ನ 15ಕ್ಕೆ ಏರಿಸುವುದಾಗಿ ಸಾರಿ, ಸಂಜೆಗೆ ಸೋಲೊಪ್ಪಿಕೊಂಡರು. ಸೋರೋಸ್ ಎಂಬ ಒಬ್ಬ ಸಟ್ಟಾ ವ್ಯಾಪಾರಿ ಆ ಹೊತ್ತಿನಲ್ಲಿ ಗಳಿಸಿದ್ದು ಸುಮಾರು 100 ಕೋಟಿ ಡಾಲರ್. 2022ರ ಸೆಪ್ಟೆಂಬರ್ 23ರಂದು ಟ್ರಸ್ ಸರ್ಕಾರ ದೊಡ್ಡ ಆದಾಯದವರಿಗೇ ಹೆಚ್ಚು ಅನುಕೂಲವಾಗುವ ತೆರಿಗೆ ಕಡಿತ ಸಾರಿತು. ಮೂರು ದಿನದಲ್ಲಿ ಪೌಂಡು 1.04 ಡಾಲರಿಗೂ ಕೆಳಗೆ, ಹಿಂದೆಂದೂ ಕಾಣದ ಮಟ್ಟಕ್ಕೆ ಮುಟ್ಟಿತು. ಪ್ರಧಾನಿ ಅಕ್ಟೋಬರಿನಲ್ಲಿ ಮನೆಗೆ ಹೋದರು. ಏರಿದ ಮನೆ ಸಾಲದ ಬಡ್ಡಿಯನ್ನು ತೆತ್ತವರು ಸಾಮಾನ್ಯ ಜನ.

ರೂಪಾಯಿಯ ಗಂಟನ್ನು 1975ರಲ್ಲಿ ಪೌಂಡಿನಿಂದ ಬಿಚ್ಚಲಾಯಿತು. ಹದಿಮೂರು ಚಿಲ್ಲರೆ ರೂಪಾಯಿಗೆ ಸಿಗುತ್ತಿದ್ದ ಪೌಂಡಿಗೆ ಇಂದು ನೂರು ರೂಪಾಯಿ ಮೀರಿ ಕೊಡಬೇಕು. ಇದನ್ನು ಕಂಡು ದೇಶದ ಮಾನ ಹೋಯಿತೆಂದು ಕೆಲವರು ಎದೆ ಬಡಿದುಕೊಳ್ಳುತ್ತಾರೆ. ಇಳಿದರೆ ರಫ್ತಿಗೆ ಒಳ್ಳೆಯದೆಂದು ಕೆಲವರು ಕುಣಿಯುತ್ತಾರೆ. ನಾವು ಎರಡೂ ಗುಂಪಿಗೆ ಸೇರಬೇಕಾಗಿಲ್ಲ. ನಾಣ್ಯ ಎಂಬುದು ತಕ್ಕಡಿ. ತಕ್ಕಡಿಗೆ ಮಾನವಿಲ್ಲ, ಹಿಡಿದವನ ಕೈಗೆ ನಿಯತ್ತು ಬೇಕು.

ಆದ್ದರಿಂದ ನಾಣ್ಯದ ಮಾತು ಬಂದಾಗಲೆಲ್ಲ ಸಂಘದ ಸಭೆಯಲ್ಲಿ, ವರ್ತಕರ ಸಭೆಯಲ್ಲಿ ನಾವು ಮೂರು ಪ್ರಶ್ನೆ ಕೇಳಬೇಕು. ದರವನ್ನು ನಿಶ್ಚಯಿಸಿದವರು ಯಾರು, ಅವರನ್ನು ಆರಿಸಿದವರು ಯಾರು? ಈ ದರದಿಂದ ಸಾಲ ಕೊಟ್ಟವನಿಗೆಷ್ಟು, ಸಾಲ ತಂದವನಿಗೆಷ್ಟು? ಬೆಲೆ ಏರಿದರೆ ತುಟ್ಟಿಭತ್ಯ ಜೊತೆಗೇ ಏರುವುದೋ, ವರ್ಷ ಕಳೆದ ಮೇಲೋ? 1931ರ ಲೇಬರ್ ಪಕ್ಷ ಈ ಪ್ರಶ್ನೆಗಳನ್ನು ಸಾಹುಕಾರರ ಪಂಡಿತರಿಗೇ ಬಿಟ್ಟುಕೊಟ್ಟಿತು. ನಾವು ಬಿಡಲಾಗದು. ಲೆಕ್ಕ ಕಲಿಯುವುದೂ ಹೋರಾಟದ ಒಂದು ಭಾಗವೇ. ಮುಂದಿನ ಸಭೆಗೆ ಬರುವಾಗ ನಿಮ್ಮ ಐದು ವರ್ಷದ ಹಿಂದಿನ ಪಗಾರದ ಚೀಟಿ, ಆಗಿನ ಅಕ್ಕಿ, ಬೇಳೆ, ಎಣ್ಣೆಯ ಧಾರಣೆ ಬರೆದುಕೊಂಡು ಬನ್ನಿ. ವ್ಯಾಪಾರಿ ಬಂಧುಗಳು ತಮ್ಮ ಹಳೆಯ ಖಾತೆ ಪುಸ್ತಕ ತನ್ನಿ. ಪೌಂಡಿನ ಲೆಕ್ಕ ನೋಡಿದ್ದಾಯಿತು. ಇನ್ನು ನಮ್ಮ ರೂಪಾಯಿಯ ಲೆಕ್ಕವನ್ನು ಒಟ್ಟಿಗೆ ಕೂತು ನೋಡೋಣ.